ಕೊಡಗಿನ ಜಗಲಿಯಲ್ಲಿ ಸಕ್ಯುಲೆಂಟ್: ಕೀಟ ಗುರುತಿಸಿ ಗಿಡ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳ ಕೀಟದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಿಗೆ ಹೇಳಿದವು. "ಮದ್ದು ಹೊಡೆದು ಚೆನ್ನಾಗಿ ಆರಲು ಬಿಡಿ" ಎಂಬ ಸಾಲನ್ನು ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ಕೂತು ಓದಿದರೆ ನಗು ಬರುತ್ತದೆ. ಒಗೆದ ಬಟ್ಟೆಯೇ ವಾರಗಟ್ಟಲೆ ಆರದ ಕಡೆ ಎಚೆವೇರಿಯಾದ ಎಲೆಸಂದಿಯಲ್ಲಿ ನಿಂತ ಬೇವಿನೆಣ್ಣೆ ನೀರು ಆರುವುದಾದರೂ ಹೇಗೆ? ಕೀಟ ಸಾಯುವ ಮೊದಲೇ ಗಿಡದ ನಡುತಿರುಳು ಕೊಳೆತು ಕೈಗೆ ಬರುತ್ತದೆ.

ಎಚೆವೇರಿಯಾ ಮೆಕ್ಸಿಕೋ ಕಡೆಯದು. ಹವಾರ್ತಿಯಾ, ಜೇಡ್ ಗಿಡಗಳ ಮೂಲ ದಕ್ಷಿಣ ಆಫ್ರಿಕಾ. ಎಲ್ಲವೂ ಒಣ ಹವೆಗೆ ಒಗ್ಗಿದವು. ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿಲಿಮೀಟರಿಗೂ ಹೆಚ್ಚು. ಕುಶಾಲನಗರದ ಕಡೆ ಮಳೆ ತೀರ ಕಡಿಮೆ, ಅಲ್ಲಿನವರಿಗೆ ಈ ಗಿಡ ಸಾಕುವುದು ಸ್ವಲ್ಪ ಸುಲಭ. ಆದರೆ ಮಳೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ನಮ್ಮ ಮನೆಗಳ ಸುತ್ತ ಇರುವುದು ಕಾಫಿ, ಕರಿಮೆಣಸು, ಕಿತ್ತಳೆ, ಸೀಬೆ. ಇವೆಲ್ಲ ಗಿಡದ ರಸ ಹೀರುವ ಹಿಟ್ಟು ತಿಗಣೆಗೆ (ಮೀಲಿಬಗ್) ತವರುಮನೆ. ತೋಟದಿಂದ ಜಗಲಿಗೆ ಅವು ಬರುವ ದಾರಿಗಳೂ ಹಲವು: ಇರುವೆ, ತೋಟದ ಮಣ್ಣು, ಗಾಳಿ, ನಮ್ಮದೇ ಬಟ್ಟೆ.

ಹಾಗಾಗಿ ಕೊಡಗಿನಲ್ಲಿ ಸಕ್ಯುಲೆಂಟಿನ ಕೀಟ ಹತೋಟಿ ಎಂದರೆ ಮೊದಲು ಕೈಕೆಲಸ, ಆಮೇಲೆ ಇರುವೆಯ ಕಾವಲು, ಇವೆರಡಕ್ಕೂ ಸರಿಯಾದ ಕಾಲ. ಮದ್ದಿನ ಸರದಿ ಕೊನೆಗೆ. ಕೆಳಗೆ ಬರೆದಿರುವುದೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿದೆ.

ಗಿಡಕ್ಕೆ ಬಂದಿರುವುದು ಏನು?

ಗುರುತು ಹಿಡಿಯದೆ ಮದ್ದು ಹೊಡೆಯಬೇಡಿ. ಒಂದು ಭೂತಗನ್ನಡಿ, ಒಂದು ಬಿಳಿ ಕಾಗದ, ಮೊಬೈಲಿನ ಟಾರ್ಚ್ ಇಷ್ಟಿದ್ದರೆ ಸಾಕು.

ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ, ಗಿಡದ ನಡುವಿನ ಎಳೆ ಸುಳಿಯಲ್ಲಿ, ಹೂದಂಟಿನ ಬುಡದಲ್ಲಿ ಹತ್ತಿಯ ಚೂರಿನಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಎಚೆವೇರಿಯಾ, ಗ್ರಾಪ್ಟೊಪೆಟಲಮ್ ಗಿಡಗಳ ಎಲೆಯ ಮೇಲೆ ಹುಟ್ಟಿನಿಂದಲೇ ಇರುವ ಬಿಳಿ ಪುಡಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳುವವರು ಬಹಳ. ಆ ಪುಡಿ ಎಲೆಯ ತುಂಬ ಒಂದೇ ಸಮ ಇರುತ್ತದೆ, ಬೆರಳಿಗೆ ನುಣ್ಣಗೆ ಅಂಟುತ್ತದೆ. ಅದು ಗಿಡ ತಾನೇ ಮಾಡಿಕೊಂಡ ಮೇಣ, ಬಿಸಿಲಿಗೂ ನೀರಿಗೂ ಕೊಡೆ. ಒಮ್ಮೆ ಒರೆಸಿ ಹೋದರೆ ಆ ಎಲೆಗೆ ಸರಿಯಾಗಿ ಮರಳಿ ಬರುವುದಿಲ್ಲ. ಹಿಟ್ಟು ತಿಗಣೆ ಮಾತ್ರ ಗುಂಪುಗುಂಪಾಗಿ, ಗಂಟುಗಂಟಾಗಿ ಕೂತಿರುತ್ತದೆ. ಕಡ್ಡಿಯಿಂದ ಒತ್ತಿದರೆ ಪಿಚಕ್ಕೆಂದು ಒಡೆಯುತ್ತದೆ.

ಪಾಪಾಸುಕಳ್ಳಿಯ ಮೇಲಿನ ಹತ್ತಿಯುಂಡೆಯನ್ನು ಒತ್ತಿದಾಗ ಕಡುಗೆಂಪು ರಸ ಬಂದರೆ ಅದು ಹಿಟ್ಟು ತಿಗಣೆಯ ಹತ್ತಿರದ ನೆಂಟ, ಕಾಚಿನೀಲ್ ಕೀಟ. ಬಣ್ಣ ತಯಾರಿಸಬಹುದೆಂಬ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಈ ಜಾತಿಯ ಒಂದು ಕೀಟವನ್ನು ಭಾರತಕ್ಕೆ ತಂದರು. ಬಣ್ಣಕ್ಕೆ ಅದು ಸರಿಯಾದ ಜಾತಿಯಾಗಿರಲಿಲ್ಲ. ಕಳ್ಳಿಗಳನ್ನು ಮಾತ್ರ ತಿಂದು ಮುಗಿಸಿತು. 1926ರಲ್ಲಿ ಇನ್ನೊಂದು ಜಾತಿಯನ್ನು ಬೇಕೆಂದೇ ತಂದು ದಕ್ಷಿಣ ಭಾರತದ ಪಾಪಾಸುಕಳ್ಳಿ ಮೆಳೆಗಳನ್ನು ಕರಗಿಸಿದರು. ಅಂಥ ಕೀಟ ನಿಮ್ಮ ಕುಂಡದ ಕಳ್ಳಿಗೆ ಬಂದಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಉಪಚಾರ ಹಿಟ್ಟು ತಿಗಣೆಯದ್ದೇ.

ಗಿಡದ ಮೇಲೆ ಏನೂ ಕಾಣುತ್ತಿಲ್ಲ, ಆದರೂ ನೀರು ಹಾಕಿದರೂ ಎಲೆ ಸುಕ್ಕು, ಬೆಳವಣಿಗೆ ನಿಂತಿದೆ, ಕುಂಡದ ತೂತಿನ ಬಳಿ ಇರುವೆ ಓಡಾಟ ಇದೆ ಎಂದರೆ ಬೇರಿನ ಹಿಟ್ಟು ತಿಗಣೆ ಇರಬಹುದು. ಗಿಡವನ್ನು ಕುಂಡದಿಂದ ಜಾರಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ಸುಣ್ಣ ಚಿಮುಕಿಸಿದಂಥ ಬಿಳಿ ಮೇಣ, ಅದರೊಳಗೆ ಅಕ್ಕಿ ನುಚ್ಚಿಗಿಂತ ಚಿಕ್ಕ ಕೀಟ. ಕುಂಡಕ್ಕೆ ತುಂಬಿದ ಮಿಶ್ರಣದಲ್ಲಿ (ಮಿಕ್ಸ್) ಪರ್ಲೈಟ್ ಎಂಬ ಹಗುರ ಕಲ್ಲುಚೂರು ಹಾಕಿದ್ದರೆ ಅದೂ ಬೆಳ್ಳಗೇ ಇರುತ್ತದೆ. ಉಗುರಿನಲ್ಲಿ ಒತ್ತಿ ನೋಡಿ: ಪರ್ಲೈಟ್ ಪುಡಿಯಾಗುತ್ತದೆ, ಕೀಟ ಅಂಟಾಗುತ್ತದೆ.

ಕಾಂಡದ ಮೇಲೆ ಕಂದು ಬಣ್ಣದ ಗುಬ್ಬಿ, ಅಥವಾ ಕಳ್ಳಿಯ ಮೈಮೇಲೆ ಬೂದು ಬಣ್ಣದ ಚಪ್ಪಟೆ ಹುರುಪೆ ಇದ್ದರೆ ಶಲ್ಕ ಕೀಟ. ಉಗುರಿಗೆ ಎದ್ದು ಬರುತ್ತದೆ, ರೋಗದ ಕಲೆ ಏಳುವುದಿಲ್ಲ. ಹೂದಂಟಿಗೆ ಮುತ್ತಿರುವ ಹಸಿರು, ಕಪ್ಪು ಸಣ್ಣ ಹುಳು ಗಿಡಹೇನು. ಎಲೆಯ ಮೇಲೆ ಬೆಳ್ಳಿ ಗೀರು, ಅದರ ಮೇಲೆ ಕರಿಚುಕ್ಕಿ ಇದ್ದರೆ ಥ್ರಿಪ್ಸ್ ಕೀಟ. ಎಲೆ ತುಕ್ಕು ಹಿಡಿದಂತಾಗಿ ತುದಿಯಲ್ಲಿ ಸಣ್ಣ ಬಲೆ ಇದ್ದರೆ ಜೇಡ ನುಸಿ. ಬಿಳಿ ಕಾಗದ ಅಡಿಗೆ ಹಿಡಿದು ಗಿಡ ತಟ್ಟಿದರೆ ಬಿದ್ದ ಧೂಳಿನ ಕಣ ನಡೆಯುವುದು ಕಾಣುತ್ತದೆ.

ಎಲೆಯ ಮೇಲೆ ಕಪ್ಪು ಮಸಿ ಹಿಡಿದಿದ್ದರೆ ಮಸಿಯನ್ನು ಬೈಯಬೇಡಿ. ಹಿಟ್ಟು ತಿಗಣೆ, ಗಿಡಹೇನು, ಮೆತುಮೈಯ ಶಲ್ಕ ಕೀಟ ಇವು ಹೊರಹಾಕುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಕೀಟ ಹೋದರೆ ಅದೂ ಹೋಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.

ಕಂಡ ಕೂಡಲೇ ಮಾಡಬೇಕಾದ್ದು

ಗಿಡವನ್ನು ಗುಂಪಿನಿಂದ ಬೇರೆಮಾಡಿ. ಜಗಲಿಯ ಇನ್ನೊಂದು ತುದಿ ಸಾಲದು. ಸ್ನಾನದ ಮನೆಯ ಕಿಟಕಿ, ಹಿಂಬದಿಯ ಸಿಟೌಟ್, ಹೀಗೆ ಬೇರೆಯೇ ಜಾಗ ಬೇಕು. ಅದರ ಅಕ್ಕಪಕ್ಕ ಇದ್ದ ಗಿಡಗಳನ್ನು ಆರೋಗ್ಯವಾಗಿವೆ ಎಂದು ನಂಬಬೇಡಿ, ಒಂದೊಂದನ್ನೂ ತಿರುಗಿಸಿ ನೋಡಿ. ಆಮೇಲೆ ಬುಡದ ಒಣ ಎಲೆಗಳನ್ನೆಲ್ಲ ಚಿಮಟದಿಂದ ಕಿತ್ತು ತೆಗೆಯಿರಿ. ಹಿಟ್ಟು ತಿಗಣೆ ಮೊಟ್ಟೆಯಿಡಲು ಹುಡುಕುವುದು ಇಂಥ ಒಣಗಿದ ಎಲೆಯ ಮರೆಯನ್ನೇ. ಈ ಒಂದು ಕೆಲಸವನ್ನು ತಿಂಗಳಿಗೊಮ್ಮೆ ಮಾಡುವವರಿಗೆ ಅರ್ಧ ತಲೆನೋವು ಇರುವುದೇ ಇಲ್ಲ.

ಎಲೆಯ ಮೇಲಿನ ಹಿಟ್ಟು ತಿಗಣೆ: ಹಂತ ಹಂತವಾಗಿ

ಬೇಕಾದ್ದು: ಮೆಡಿಕಲ್ ಶಾಪಿನಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ (ಮುಂದೆ ಸ್ಪಿರಿಟ್ ಎಂದರೆ ಇದೇ), ಇಯರ್ ಬಡ್, ಮೆತ್ತನೆಯ ಸಣ್ಣ ಪೇಂಟ್ ಬ್ರಶ್, ಚಿಮಟ. ಒಲೆ, ದೀಪದ ಹತ್ತಿರ ಈ ಕೆಲಸ ಬೇಡ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ.

1. ಸಂಜೆಯ ಹೊತ್ತು ನೋಡಿಕೊಳ್ಳಿ. ಸ್ಪಿರಿಟ್ ತಾಗಿದ ಎಲೆಗೆ ಬಿಸಿಲು ಬಿದ್ದರೆ ಸುಟ್ಟ ಕಲೆ ಉಳಿಯುತ್ತದೆ.

2. ಹೊಸ ಜಾತಿಯ ಗಿಡವಾದರೆ ಕೆಳಗಿನ ಒಂದು ಎಲೆಗೆ ಮಾತ್ರ ಹಚ್ಚಿ ಎರಡು ದಿನ ಕಾಯಿರಿ. ಎಲೆ ಕಂದಾಗದಿದ್ದರೆ ಮುಂದುವರಿಯಿರಿ.

3. ಇಯರ್ ಬಡ್ ಅದ್ದಿ, ಕೀಟದ ಮೇಲೆ ಒಂದು ಕ್ಷಣ ಒತ್ತಿ ಹಿಡಿದು ಎತ್ತಿಕೊಳ್ಳಿ. ಉಜ್ಜಬೇಡಿ. ಉಜ್ಜಿದರೆ ಎಲೆಯ ಮೇಣವೂ ಹೋಗುತ್ತದೆ, ಮೊಟ್ಟೆಯ ಗೂಡು ಹರಿದು ಚದುರುತ್ತದೆ. ಮೇಣ ಕರಗಿದ ತಿಗಣೆ ಕೂಡಲೇ ಬಣ್ಣ ಬದಲಿಸುವುದು ಕಾಣುತ್ತದೆ.

4. ಬಡ್ ಹೋಗದ ಸಂದಿಗೆ ಬ್ರಶ್ಶಿನ ತುದಿಯಿಂದ ಒಂದು ಹನಿ ಬಿಡಿ. ನಡುಸುಳಿಯಲ್ಲಿ ದ್ರವ ನಿಲ್ಲಬಾರದು. ನಿಂತರೆ ಟಿಶ್ಯೂ ಕಾಗದದ ಮೂಲೆಯಿಂದ ಹೀರಿ ತೆಗೆಯಿರಿ.

5. ಬಳಸಿದ ಬಡ್‌ಗಳನ್ನು ಅದೇ ಬಟ್ಟಲಿಗೆ ಮತ್ತೆ ಅದ್ದಬೇಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬಡ್ ಬದಲಿಸಿ, ಚಿಮಟ ಒರೆಸಿ.

6. ಏಳನೆಯ ದಿನ ಮತ್ತೆ ನೋಡಿ. ಒಂದು ಹೆಣ್ಣು ತಿಗಣೆ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಮರಿ ಬರಲು ಸುಮಾರು ಒಂದರಿಂದ ಎರಡು ವಾರ. ಇವತ್ತಿನ ಸ್ಪಿರಿಟ್ ಹತ್ತಿಗೂಡಿನ ಒಳಗಿನ ಮೊಟ್ಟೆಯನ್ನೆಲ್ಲ ಮುಟ್ಟಿರುವುದಿಲ್ಲ. ಮರಿಗಳಿಗೆ ಮೈಮೇಲೆ ಇನ್ನೂ ಮೇಣ ಬಂದಿರುವುದಿಲ್ಲ, ಆ ಹಂತದಲ್ಲಿ ಅವು ಸುಲಭವಾಗಿ ಸಾಯುತ್ತವೆ. ಹಾಗಾಗಿ ವಾರಕ್ಕೊಮ್ಮೆಯಂತೆ ನಾಲ್ಕು ಸುತ್ತು ಕೆಲಸ ಇದು. ಜನ ಸೋಲುವುದು ಎರಡನೆಯ ವಾರ ಗಿಡ ಚೊಕ್ಕವಾಗಿ ಕಂಡಾಗ.

7. ಕೊನೆಯ ಕೀಟ ಕಂಡ ಮೇಲೆ ಒಂದು ತಿಂಗಳು ಕಳೆಯುವವರೆಗೆ ಗಿಡವನ್ನು ಗುಂಪಿಗೆ ಸೇರಿಸಬೇಡಿ.

ಇಲ್ಲೊಂದು ಎಚ್ಚರಿಕೆ. ಹಿಟ್ಟು ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಉದ್ದುದ್ದ ಬಿಳಿ ಎಳೆಗಳಿರುವ, ಚುರುಕಾಗಿ ನಡೆಯುವ ಹುಳು ಕಂಡರೆ ಕೊಲ್ಲಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ, ಹಿಟ್ಟು ತಿಗಣೆಯನ್ನೇ ತಿಂದು ಬದುಕುವಂಥದ್ದು. ದೊಡ್ಡದಾದ ಮೇಲೆ ಕಪ್ಪು ಮೈ, ಕಿತ್ತಳೆ ಬಣ್ಣದ ತಲೆ. ಇದನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು. ಆ ಕೆಲಸಕ್ಕೆ ಅದು ಒದಗಲಿಲ್ಲ, ಹಿಟ್ಟು ತಿಗಣೆ ತಿನ್ನುವುದರಲ್ಲಿ ಹೆಸರು ಮಾಡಿತು. ಇವತ್ತಿಗೂ ಕಾಫಿ ತೋಟಗಳಲ್ಲಿ ಅದಕ್ಕಾಗಿಯೇ ಬಿಡುತ್ತಾರೆ. ತೋಟದ ಪಕ್ಕದ ಮನೆಗೆ ತೋಟದ ಕೀಟ ಬರುವಂತೆ ತೋಟದ ಬಂಟನೂ ಬರುತ್ತಾನೆ.

ಬೇರಿನ ಹಿಟ್ಟು ತಿಗಣೆ: ಕೊಡಗಿನವರಿಗೆ ಇದೇ ದೊಡ್ಡ ಶತ್ರು

ಕೊಡಗು, ವಯನಾಡುಗಳಲ್ಲಿ ಕರಿಮೆಣಸಿನ ಬಳ್ಳಿಯ ಬೇರಿಗೆ ಹಿಟ್ಟು ತಿಗಣೆ ಹತ್ತುವುದು ಬೆಳೆಗಾರರಿಗೆಲ್ಲ ಗೊತ್ತು. ಕಾಫಿಯ ಬೇರನ್ನೂ ಬಿಡುವುದಿಲ್ಲ. ನಾವೋ ಮೆಣಸಿನ ಬಳ್ಳಿಯ ಬುಡದಿಂದ ಒಂದು ಬಾಂಡಲಿ ಕಪ್ಪು ಮಣ್ಣು ಕೆರೆದು ತಂದು, "ಒಳ್ಳೆ ಗೊಬ್ಬರದ ಮಣ್ಣು" ಎಂದು ಕುಂಡಕ್ಕೆ ತುಂಬುತ್ತೇವೆ. ಕೀಟವನ್ನು ಕರೆದು ಮಣೆ ಹಾಕಿ ಕೂರಿಸಿದ ಹಾಗೆ. ತೋಟದ ಮಣ್ಣನ್ನು ಹಾಗೇ ಹಸಿಯಾಗಿ ಸಕ್ಯುಲೆಂಟಿನ ಕುಂಡಕ್ಕೆ ಹಾಕಲೇಬಾರದು. ಅದು ನೀರನ್ನೂ ಹಿಡಿದಿಡುತ್ತದೆ, ಆ ಕಾರಣವೊಂದೇ ಸಾಕಿತ್ತು.

ಬಂದುಬಿಟ್ಟಿದ್ದರೆ ಹೀಗೆ ಮಾಡಿ. ಗಿಡವನ್ನು ಕುಂಡದಿಂದ ತೆಗೆದು, ಹಳೆಯ ಮಣ್ಣನ್ನು ಪೂರ್ತಿ ಉದುರಿಸಿ. ಮಣ್ಣು ಬೀಳುವಲ್ಲಿ ಹಳೆಯ ಪತ್ರಿಕೆ ಹಾಸಿರಲಿ, ಅದನ್ನು ಹಾಗೇ ಮಡಚಿ ಒಲೆಗೆ ಹಾಕಬಹುದು. ಬೇರನ್ನು ನಲ್ಲಿಯ ನೀರಿನಲ್ಲಿ ತೊಳೆದು, ಕಪ್ಪಾದ, ಟೊಳ್ಳಾದ, ಬಿಳಿ ಮೇಣ ಮೆತ್ತಿದ ಸಣ್ಣ ಬೇರುಗಳನ್ನು ಧಾರಾಳವಾಗಿ ಕತ್ತರಿಸಿ. ಸಕ್ಯುಲೆಂಟ್ ಹೊಸ ಬೇರು ಬಿಡುವುದರಲ್ಲಿ ಜಾಣ, ಹೆದರಬೇಡಿ.

ಆಮೇಲೆ ಬಿಸಿನೀರಿನ ಉಪಚಾರ. ಸುಮಾರು 48 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಬೇರು ಮಾತ್ರ ಮುಳುಗುವಂತೆ ಹತ್ತರಿಂದ ಹದಿನೈದು ನಿಮಿಷ ಇಡಬೇಕು. ಇದಕ್ಕೆ ಥರ್ಮಾಮೀಟರ್ ಬೇಕೇ ಬೇಕು. ಕೈಯ ಅಂದಾಜು ನಡೆಯುವುದಿಲ್ಲ: ಐದು ಡಿಗ್ರಿ ಹೆಚ್ಚಾದರೆ ಬೇರು ಬೇಯುತ್ತದೆ, ಐದು ಡಿಗ್ರಿ ಕಡಿಮೆಯಾದರೆ ತಿಗಣೆಗೆ ಅಭ್ಯಂಜನ. ನೀರು ಆರುತ್ತ ಬಂದಂತೆ ಸ್ವಲ್ಪ ಬಿಸಿನೀರು ಸೇರಿಸಿ ಕಲಕುತ್ತಿರಿ. ದಪ್ಪ ಬೇರಿನ ಹವಾರ್ತಿಯಾ, ಲೋಳೆಸರಗಳು ಇದನ್ನು ತಡೆದುಕೊಳ್ಳುತ್ತವೆ. ನವಿರಾದ ಸೀಡಮ್‌ಗೆ ಇದರ ತೊಂದರೆ ಬೇಡ, ತುದಿ ಕತ್ತರಿಸಿ ಹೊಸದಾಗಿ ನೆಟ್ಟು ಹಳೆಯದನ್ನು ಎಸೆಯುವುದೇ ವಾಸಿ.

ಮಿಂದ ಗಿಡವನ್ನು ನೆರಳಿನಲ್ಲಿ ಬರಿ ಬೇರಿನಲ್ಲೇ ಆರಲು ಬಿಡಿ. ಡಿಸೆಂಬರಿನಲ್ಲಿ ಮೂರ್ನಾಲ್ಕು ದಿನ ಸಾಕು. ಮಳೆಗಾಲದಲ್ಲಿ ಅನಿವಾರ್ಯವಾದರೆ ಮನೆಯೊಳಗೆ ಫ್ಯಾನಿನ ಕೆಳಗೆ ಒಂದು ವಾರ. ಕತ್ತರಿಸಿದ ಬಾಯಿಯೆಲ್ಲ ಒಣಗಿ ಗಟ್ಟಿಯಾಗಬೇಕು. ಹೊಸ ಒಣ ಮಿಕ್ಸಿನಲ್ಲಿ ನೆಟ್ಟು ಮತ್ತೊಂದು ವಾರ ನೀರು ಹಾಕದಿರಿ. ಹಳೆಯ ಕುಂಡವನ್ನೇ ಬಳಸುವುದಾದರೆ ಬ್ರಶ್ಶಿನಲ್ಲಿ ತಿಕ್ಕಿ, ಮಣ್ಣಿನದಾದರೆ ಕುದಿಯುವ ನೀರು ಸುರಿದು, ಪ್ಲಾಸ್ಟಿಕ್ ಆದರೆ ಸೋಪುನೀರಿನಲ್ಲಿ ತೊಳೆದು ಬಿಸಿಲಿಗಿಡಿ. ತಳದ ತೂತಿನ ಅಂಚು ನೋಡಲು ಮರೆಯಬೇಡಿ.

ಎರಡು ತಿಂಗಳ ಬಳಿಕ ಮತ್ತೆ ಒಮ್ಮೆ ಜಾರಿಸಿ ನೋಡಿ. ಬೇರಿನ ತಿಗಣೆ ಕಣ್ಣಿಗೆ ಬೀಳದ ಕಾರಣ ಹೋಯಿತೆಂದು ನಂಬುವುದು ಸುಲಭ.

ಇರುವೆಯನ್ನು ತಡೆಯದೆ ಏನೂ ಆಗದು

ಹಿಟ್ಟು ತಿಗಣೆಯ ಸಿಹಿ ಅಂಟು ಇರುವೆಗೆ ಊಟ. ಅದಕ್ಕಾಗಿ ಇರುವೆ ತಿಗಣೆಯನ್ನು ಕಾಯುತ್ತದೆ, ಅದರ ಶತ್ರುಗಳನ್ನು ಓಡಿಸುತ್ತದೆ, ಹೊಸ ಗಿಡಕ್ಕೆ ಹೊತ್ತು ಸಾಗಿಸುವುದೂ ಉಂಟು. ಕಾಫಿ ತೋಟದಲ್ಲಿ ಹಿಟ್ಟು ತಿಗಣೆಯ ಹತೋಟಿ ಎಂದರೆ ಮೊದಲು ಇರುವೆಯ ಹತೋಟಿ ಎನ್ನುವುದು ಇದಕ್ಕೇ. ಜಗಲಿಯ ಸ್ಟ್ಯಾಂಡಿನ ಮೇಲೆ ಇರುವೆ ಸಾಲು ಕಂಡರೆ ಅದು ಹೋಗುವ ಕುಂಡ ಯಾವುದೆಂದು ನೋಡಿ. ನಿಮ್ಮ ಕಣ್ಣಿಗೆ ಬೀಳದ ತಿಗಣೆಯನ್ನು ಅದು ತೋರಿಸಿಕೊಡುತ್ತದೆ.

ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು ಎಲ್ಲರ ಮನೆಯಲ್ಲೂ ತಿಂಡಿ ಡಬ್ಬಕ್ಕೆ ಮಾಡಿದ ಉಪಾಯ, ಇಲ್ಲೂ ನಡೆಯುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ವಾರಕ್ಕೊಮ್ಮೆ ಚೆಲ್ಲಿ ಬದಲಿಸಿ. ಇಲ್ಲದಿದ್ದರೆ ತಿಗಣೆಯ ಬದಲು ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ. ಗಿಡ ಗೋಡೆಗೋ ಬಳ್ಳಿಗೋ ತಾಗಿದ್ದರೆ ಬಟ್ಟಲಿನಿಂದ ಪ್ರಯೋಜನವಿಲ್ಲ. ತೂಗುಕುಂಡಕ್ಕಾದರೆ ತಂತಿಗೆ ಒಂದಂಗುಲ ವ್ಯಾಸಲಿನ್ ಬಳಿಯಿರಿ, ಧೂಳು ಹಿಡಿದಾಗ ಒರೆಸಿ ಮತ್ತೆ ಹಚ್ಚಿ.

ಗೂಡನ್ನೇ ಮುಗಿಸಬೇಕೆಂದರೆ ಬಿಳಿಗಾರದ (ಬೋರಾಕ್ಸ್) ಆಮಿಷ. ಒಂದು ಲೋಟ ಬೆಚ್ಚನೆ ನೀರಿಗೆ ನಾಲ್ಕೈದು ಚಮಚ ಸಕ್ಕರೆ, ಅರ್ಧ ಟೀ ಚಮಚ ಬಿಳಿಗಾರ ಕರಗಿಸಿ, ಹತ್ತಿಯುಂಡೆ ನೆನೆಸಿ ಇರುವೆ ದಾರಿಯಲ್ಲಿಡಿ. ಬಿಳಿಗಾರ ಹೆಚ್ಚಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ಒಯ್ಯುವುದಿಲ್ಲ. ಮೊದಲ ಎರಡು ದಿನ ಇರುವೆ ಹೆಚ್ಚಾದಂತೆ ಕಾಣುವುದು ಸಹಜ. ಮಕ್ಕಳು, ನಾಯಿ, ಬೆಕ್ಕುಗಳ ಬಾಯಿಗೆ ಸಿಗದಂತೆ ತೂತು ಮಾಡಿದ ಡಬ್ಬದೊಳಗೆ ಇಡಿ.

ಇರುವೆ ಇಲ್ಲ ಎಂದ ಮಾತ್ರಕ್ಕೆ ಕೀಟ ಇಲ್ಲ ಎಂದಲ್ಲ. ಕಳ್ಳಿಗೆ ಹತ್ತುವ ಗಟ್ಟಿ ಚಿಪ್ಪಿನ ಶಲ್ಕ ಕೀಟ ಸಿಹಿ ಅಂಟು ಬಿಡುವುದೇ ಇಲ್ಲ, ಅದರ ಬಳಿಗೆ ಇರುವೆಯೂ ಬರುವುದಿಲ್ಲ.

ಉಳಿದ ಕೀಟಗಳು, ಚುಟುಕಾಗಿ

ಶಲ್ಕ ಕೀಟಕ್ಕೆ ಹಳೆಯ ಮೆತ್ತನೆಯ ಟೂತ್ ಬ್ರಶ್ ಸಾಕು. ಸೋಪುನೀರಿನಲ್ಲಿ ಅದ್ದಿ ಕಾಂಡ ಉಜ್ಜಿ, ತೊಳೆದು, ಒರೆಸಿ. ಚಿಪ್ಪಿನ ಒಳಗಿರುವಾಗ ಮೇಲಿನಿಂದ ಹೊಡೆದ ಮದ್ದು ತಾಗುವುದೇ ಕಷ್ಟ.

ಗಿಡಹೇನು ಹೂದಂಟಿಗೆ ಬಂದಿದ್ದರೆ ದಂಟನ್ನೇ ಕತ್ತರಿಸಿ ಬಿಸಾಡಿ. ಹೂವಿನ ಆಸೆಗೆ ಗಿಡ ಕೊಡಬೇಡಿ. ಥ್ರಿಪ್ಸಿಗೂ ಅದೇ ಮೊದಲ ಮದ್ದು, ಹೂವಿನೊಳಗೇ ಅದರ ಮನೆ.

ಜೇಡ ನುಸಿ ಫೆಬ್ರವರಿಯಿಂದ ಮೇವರೆಗಿನ ಒಣ ಬಿಸಿಲಿನ ಗಿರಾಕಿ. ಅಡೀನಿಯಮ್, ಜೇಡ್ ಗಿಡಗಳ ಮೇಲೆ ಅದಕ್ಕೆ ಮಮತೆ ಹೆಚ್ಚು. ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದು ತೊಳೆದರೆ, ಎರಡು ಮೂರು ದಿನಕ್ಕೊಮ್ಮೆ ಮಾಡಿದರೆ, ಬಹುಪಾಲು ಹೋಗುತ್ತದೆ. ನುಸಿ ಕೀಟವಲ್ಲ, ಜೇಡನ ಬಳಗ. ಹಾಗಾಗಿ ತಿಗಣೆಗೆ ಕೊಡುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇದಕ್ಕೆ ತಾಗುವುದಿಲ್ಲ. ಲೋಳೆಸರದ ಎಲೆ, ಹೂದಂಟು ಗಡ್ಡೆಗಟ್ಟಿ ಸೊಟ್ಟಸೊಟ್ಟಾಗಿ ಬೆಳೆದರೆ ಅದು ಕಣ್ಣಿಗೇ ಕಾಣದ ಇನ್ನೊಂದು ನುಸಿ. ಆ ಭಾಗವನ್ನು ಆರೋಗ್ಯದ ಮಾಂಸದವರೆಗೂ ಕತ್ತರಿಸಿ ಸುಡಿ, ಚಾಕುವನ್ನು ಸ್ಪಿರಿಟಿನಲ್ಲಿ ಒರೆಸಿ.

ಮಳೆಗಾಲದಲ್ಲಿ ಕುಂಡದ ಮೇಲೆ ಹಾರುವ ಸಣ್ಣ ಕಪ್ಪು ನೊಣ ಮಣ್ಣು ತೀರಾ ಒದ್ದೆ ಇದೆ ಎಂಬುದರ ಸಾಕ್ಷಿ. ನೀರು ನಿಲ್ಲಿಸಿ, ಮೇಲ್ಮೈಗೆ ಒಂದಂಗುಲ ಸಣ್ಣ ಜಲ್ಲಿ ಹಾಸಿ, ಹಳದಿ ಅಂಟುಹಾಳೆ ನೇತುಹಾಕಿ. ರಾತ್ರಿ ಬಂದು ಎಲೆ ಮೇಯುವ ಆಫ್ರಿಕನ್ ಬಸವನಹುಳುವನ್ನು ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ. ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನು ಕಲಾಂಚೊ. ಎಲೆಯ ಒಳಗಿನ ತಿರುಳೆಲ್ಲ ಹೋಗಿ ಎರಡು ಬದಿಯ ಸಿಪ್ಪೆ ಮಾತ್ರ ಉಳಿದು, ಒಳಗೆ ಕರಿ ಹಿಕ್ಕೆ ಕಾಣುತ್ತಿದ್ದರೆ ಅದು ರೆಡ್ ಪೈರೊಟ್ ಚಿಟ್ಟೆಯ ಹುಳು. ಕಪ್ಪು ಬಿಳಿ ಮೈಗೆ ಕಿತ್ತಳೆಗೆಂಪು ಪಟ್ಟೆ ಹೊದ್ದ, ನೆಲದ ಹತ್ತಿರ ಮೆಲ್ಲಗೆ ಹಾರುವ ಪುಟ್ಟ ಚಿಟ್ಟೆ ಅದು. ಹುಳು ಎಲೆಯ ಒಳಗೇ ಇರುವುದರಿಂದ ಮೇಲಿಂದ ಹೊಡೆದ ಮದ್ದು ವ್ಯರ್ಥ. ಎಲೆಯನ್ನು ಬೆಳಕಿಗೆ ಹಿಡಿದು ಹುಳು ಇರುವುದನ್ನು ಕಿತ್ತು, ಬೇಲಿ ಬದಿಯ ಕಾಡು ಬಸಳೆಯ ಮೇಲೆ ಇಟ್ಟುಬಿಡಿ. ಕಾಡು ಬಸಳೆಯೂ ಕಲಾಂಚೊದ ಬಳಗವೇ, ಈ ಚಿಟ್ಟೆಯ ಮಾಮೂಲಿ ಊಟವೇ ಅದು. ಅಂಗಳದ ಮೂಲೆಯಲ್ಲಿ ನಾಲ್ಕು ಕಾಡು ಬಸಳೆ ಬೆಳೆಯಲು ಬಿಟ್ಟರೆ ಕುಂಡದ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಇದನ್ನು ಪೀಡೆಯ ಪಟ್ಟಿಗೆ ಸೇರಿಸಲು ಮನಸ್ಸಿಲ್ಲ.

ಮದ್ದು ಬೇಕೇ ಆದಾಗ

ಬೇವಿನೆಣ್ಣೆ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿಲೀಟರ್ ಎಣ್ಣೆ, 1ರಿಂದ 2 ಮಿಲಿಲೀಟರ್ ಲಿಕ್ವಿಡ್ ಸೋಪು. ಮೊದಲು ಎಣ್ಣೆ, ಸೋಪು ಸೇರಿಸಿ ಕಲಸಿ, ಆಮೇಲೆ ನೀರು. ಚಳಿಗಾಲದ ಬೆಳಗಿನಲ್ಲಿ ನಮ್ಮ ಕಡೆ ಬೇವಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿಕೊಳ್ಳಿ. ತಣ್ಣೀರಿಗೆ ಸುರಿದರೆ ಮೇಲೆ ತೇಲಿ, ಸಿಕ್ಕ ಎಲೆಯನ್ನು ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಿ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಸಿಕ್ಕರೆ ಕಲಸುವ ರಗಳೆ ಇಲ್ಲ. ಲೀಟರಿಗೆ 5 ಗ್ರಾಮಿನಿಂದ ಶುರುಮಾಡಿ.

ಸೋಪು, ಎಣ್ಣೆ ಎರಡೂ ಎಚೆವೇರಿಯಾದ ಬಿಳಿ ಮೇಣವನ್ನು ಕಳೆಯುತ್ತವೆ. ಜೇಡ್ ಗಿಡಕ್ಕೂ ಮುಳ್ಳಿನ ಯುಫೋರ್ಬಿಯಾಗೂ ಸೋಪು ಒಗ್ಗದಿರುವುದುಂಟು. ಒಂದು ಎಲೆಯ ಪರೀಕ್ಷೆ ಇಲ್ಲದೆ ಹೊಡೆಯಬೇಡಿ. ಹೊಡೆದ ಮೇಲೆ ಎರಡು ದಿನ ನೆರಳು.

ಮಳೆಗಾಲದಲ್ಲಿ ಇವೆರಡೂ ಬೇಡ. ಆಗ ಯೋಚಿಸಬಹುದಾದ್ದು ಲೆಕಾನಿಸಿಲಿಯಮ್ ಎಂಬ ಶಿಲೀಂಧ್ರದ ಪುಡಿ. ಗೊಬ್ಬರದ ಅಂಗಡಿಗಳಲ್ಲಿ ವರ್ಟಿಸಿಲಿಯಮ್ ಎಂಬ ಹಳೆಯ ಹೆಸರಿನಲ್ಲೂ ಸಿಗುತ್ತದೆ. ಮಳೆಗಾಲದಲ್ಲಿ ಕಾಫಿ ಎಲೆಯ ಅಡಿ ಹಸಿರು ಶಲ್ಕ ಕೀಟದ ಸುತ್ತ ಬಿಳಿ ನೂಲಿನ ಬಳೆ ಕಟ್ಟಿರುವುದನ್ನು ನೋಡಿದ್ದೀರಲ್ಲ, ಅದೇ ಇದು. ಉಳಿದ ಮದ್ದಿಗೆ ಶತ್ರುವಾದ ಶೀತ ಹವೆ ಇದಕ್ಕೆ ಆಹಾರ. ನಿಧಾನ, ಫಲ ಕಾಣಲು ಒಂದೆರಡು ವಾರ ಬೇಕು. ಪೊಟ್ಟಣದ ಮೇಲಿನ ದಿನಾಂಕ ನೋಡಿ ಕೊಳ್ಳಿ, ಹಳತಾದರೆ ಜೀವ ಇರುವುದಿಲ್ಲ. ಶಿಲೀಂಧ್ರನಾಶಕದ ಜೊತೆ ಬಳಸಬೇಡಿ. ಎಲೆಸಂದಿಯಲ್ಲಿ ನೀರು ನಿಲ್ಲದಂತೆ ತೆಳ್ಳಗೆ, ಮಂಜಿನಂತೆ ಹೊಡೆದರೆ ಸಾಕು.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಇವು ಗಿಡದ ರಸದಲ್ಲಿ ಸೇರಿ ಒಳಗಿನಿಂದ ಕೊಲ್ಲುವ ಮದ್ದುಗಳು. ಬೇರಿನ ತಿಗಣೆಗೆ ಪರಿಣಾಮಕಾರಿ, ನಿಜ. ಆದರೆ ಮಕರಂದಕ್ಕೂ ಸೇರುತ್ತವೆ. ಫೆಬ್ರವರಿ, ಮಾರ್ಚಿನ ಹೂಮಳೆಯ ಬೆನ್ನಲ್ಲೇ ಕಾಫಿ ಅರಳಿ ಜೇನ್ನೊಣ ಮುತ್ತುವ ನಾಡು ನಮ್ಮದು. ಜೇಡ್, ಕಲಾಂಚೊ ಹೂ ಬಿಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎಷ್ಟೇ ಬೆಲೆಬಾಳುವ ಗಿಡವಾದರೂ ಮೊದಲು ಬಿಸಿನೀರು, ಕತ್ತರಿ. ಅದಕ್ಕೂ ಬಗ್ಗದ ದೊಡ್ಡ ಗಿಡಕ್ಕೆ ಮಾತ್ರ, ಹೂದಂಟು ತೆಗೆದು, ಲೇಬಲ್ಲಿನ ಪ್ರಮಾಣ ಮೀರದೆ, ಕೈಗವಸು ಹಾಕಿ. ಮೈಗೆ ಹಚ್ಚುವ, ತಿನ್ನುವ ಲೋಳೆಸರಕ್ಕೆ ಎಂದೂ ಬೇಡ. ತೋಟದ ಗೋಡೌನಿನಲ್ಲಿ ಉಳಿದ ಕ್ಲೋರ್‌ಪೈರಿಫಾಸ್ ಕೀಟನಾಶಕ ತಂದು ಜಗಲಿಯ ಗಿಡಕ್ಕೆ ಹೊಡೆಯುವವರೂ ಇದ್ದಾರೆ. ಊಟಕ್ಕೆ ಕೂರುವ ಜಾಗದ ಪಕ್ಕ ಅದು ಸಲ್ಲದು, ಅದರಲ್ಲಿರುವ ದ್ರಾವಕ ರಸಭರಿತ ಎಲೆಯನ್ನು ಸುಡುವುದೂ ಉಂಟು.

ಮಿಕ್ಸ್ ಮತ್ತು ಹೊಸ ಗಿಡ

ಸಿಂಡರ್, ದಪ್ಪ ಎಂ-ಸ್ಯಾಂಡ್, ಇಟ್ಟಿಗೆ ಚೂರು, ಪ್ಯೂಮಿಸ್ ಇವುಗಳಲ್ಲಿ ಸಿಕ್ಕಿದ್ದು ಮೂರು ಪಾಲು, ಮಾಗಿದ ಕಾಂಪೋಸ್ಟ್ ಒಂದು ಪಾಲು. ಮಡಿಕೇರಿ ಕಡೆಯವರು ಕಾಂಪೋಸ್ಟ್ ಇನ್ನೂ ಕಡಿಮೆ ಮಾಡಿ. ಮಣ್ಣು ಸೇರಿಸಲೇಬೇಕೆಂದರೆ ಏಪ್ರಿಲ್ ಬಿಸಿಲಿನಲ್ಲಿ ತೇವ ಮಾಡಿ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಐದಾರು ವಾರ ಬಿಡಿ, ಅಥವಾ ದೊಡ್ಡ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ಸಾರಜನಕದ ಗೊಬ್ಬರ ಹೆಚ್ಚಾದಷ್ಟೂ ಚಿಗುರು ಮೆತ್ತಗಾಗಿ ರಸ ಹೀರುವ ಕೀಟಕ್ಕೆ ಹಬ್ಬ.

ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನದಿಂದ ಬರಲಿ, ಬೆಂಗಳೂರಿನಿಂದ ಕೊರಿಯರಿನಲ್ಲಿ ಬರಲಿ, ಚಿಕ್ಕಮ್ಮ ಪ್ರೀತಿಯಿಂದ ಕಿತ್ತುಕೊಟ್ಟ ತುಂಡೇ ಆಗಿರಲಿ, ಹೊಸ ಗಿಡ ಒಂದು ತಿಂಗಳು ಬೇರೆ ಕಡೆ ಇರಬೇಕು. ನರ್ಸರಿಯ ಕೋಕೋಪೀಟನ್ನು ಅವತ್ತೇ ತೆಗೆದು ಬೇರು ನೋಡಿಬಿಡಿ. ಕೋಕೋಪೀಟ್ ನಮ್ಮ ಮಳೆಗಾಲದಲ್ಲಿ ಹೇಗೂ ಆರುವುದಿಲ್ಲ.

ವರ್ಷದ ಲೆಕ್ಕ

ಮೇ ತಿಂಗಳ ಎರಡನೆಯ ಅರ್ಧ ಕೊಡಗಿನ ಸಕ್ಯುಲೆಂಟ್ ಸಾಕಣೆದಾರರಿಗೆ ವರ್ಷದಲ್ಲೇ ಮುಖ್ಯವಾದ ಹೊತ್ತು. ಜೂನಿನ ಮಳೆ ಹಿಡಿಯುವ ಮೊದಲು ಪ್ರತಿ ಗಿಡವನ್ನೂ ಕೈಗೆತ್ತಿಕೊಂಡು ನೋಡಿ, ಅನುಮಾನ ಇದ್ದದ್ದನ್ನು ಕುಂಡದಿಂದ ಜಾರಿಸಿ. ಬೇವಿನೆಣ್ಣೆ ಹೊಡೆಯಬೇಕಿದ್ದರೆ ಇದೇ ಕೊನೆಯ ಅವಕಾಶ. ಮಳೆಗಾಲಕ್ಕೆ ಒಂದೇ ಒಂದು ತಿಗಣೆಗೂಡು ಒಳಹೋದರೆ ಸೆಪ್ಟೆಂಬರಿಗೆ ಕಪಾಟು ತುಂಬ ಅದೇ.

ಕಕ್ಕಡ (ಆಗಸ್ಟ್ ನಡುವಿಗೆ ಮುಗಿಯುವ ಜೋರುಮಳೆಯ ತಿಂಗಳು) ಮುಗಿಯುವವರೆಗೆ ಇಯರ್ ಬಡ್ಡಿನ ಕೆಲಸ, ಬೇಕೇ ಆದರೆ ಲೆಕಾನಿಸಿಲಿಯಮ್, ಇವು ಬಿಟ್ಟರೆ ಬೇರೇನೂ ಬೇಡ. ಗಿಡಗಳ ನಡುವೆ ಗಾಳಿಯಾಡಲು ಒಂದು ಬೆರಳಿನಷ್ಟಾದರೂ ಜಾಗ ಇರಲಿ. ಮಳೆಗೆ ಹೆದರಿ ಎಲ್ಲವನ್ನೂ ಒಂದು ಮೂಲೆಗೆ ಒತ್ತೊತ್ತಾಗಿ ಪೇರಿಸಿದರೆ ಮರಿ ತಿಗಣೆ ಗಿಡದಿಂದ ಗಿಡಕ್ಕೆ ನಡೆದೇ ಹೋಗುತ್ತದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಕಾಣತೊಡಗಿದಾಗ ಎರಡನೆಯ ತಪಾಸಣೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದಿಂದ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿನ ಹುತ್ತರಿ ಹಬ್ಬದವರೆಗೆ ಕುಂಡ ಬದಲಿಸಲು, ಬೇರು ತೊಳೆಯಲು, ತುಂಡು ನೆಡಲು ಒಳ್ಳೆಯ ಕಾಲ. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾದ ಮೇಲೆ ತೋಟದಿಂದ ಬಂದವರು ಅದೇ ಅಂಗಿಯಲ್ಲಿ ಗಿಡ ಮುಟ್ಟಬಾರದು. ಹಿಟ್ಟು ತಿಗಣೆಯ ಮರಿ ಬಟ್ಟೆಗೆ ಅಂಟಿಕೊಂಡು ಬರುತ್ತದೆ.

ಕೈಬಿಡಬೇಕಾದ ಗಿಡ

ನಡುಸುಳಿ ಮೆತ್ತಗಾಗಿ ಕಪ್ಪಾಗಿದ್ದರೆ, ನಾಲ್ಕು ಸುತ್ತಿನ ಬಳಿಕವೂ ತಿಗಣೆ ಮೊದಲಿನಷ್ಟೇ ಇದ್ದರೆ, ಗಿಡ ಉಳಿಸುವ ಹಟ ಬೇಡ, ತಳಿ ಉಳಿಸಿ. ಎಚೆವೇರಿಯಾದ ಆರೋಗ್ಯವಂತ ಎಲೆ ನಾಲ್ಕನ್ನು ಬುಡಸಮೇತ ಬಿಡಿಸಿ, ಸ್ಪಿರಿಟಿನಲ್ಲಿ ಒರೆಸಿ, ಒಣ ತಟ್ಟೆಯ ಮೇಲೆ ನೆರಳಿನಲ್ಲಿಡಿ. ಕೆಲವು ವಾರಗಳಲ್ಲಿ ಬೇರು, ಆಮೇಲೆ ಮರಿ. ಜೇಡ್ ಆದರೆ ಚೊಕ್ಕ ತುದಿಯೊಂದು ಸಾಕು.

ಉಳಿದದ್ದನ್ನು ಕಾಂಪೋಸ್ಟ್ ಗುಂಡಿಗೂ ಕಾಫಿ ಗಿಡದ ಬುಡಕ್ಕೂ ಎಸೆಯಬೇಡಿ, ಅಲ್ಲಿಂದ ಇರುವೆ ಮತ್ತೆ ಹೊತ್ತು ತರುತ್ತದೆ. ರಸಭರಿತ ಗಿಡ ಸುಲಭವಾಗಿ ಉರಿಯುವುದೂ ಇಲ್ಲ, ಬಿಸಿನೀರ ಒಲೆಯ ಕೆಂಡ ಚೆನ್ನಾಗಿದ್ದಾಗ ಹಾಕಿ. ಒಲೆ ಇಲ್ಲದ ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಂದೆರಡು ವಾರ ಬಿಸಿಲಿಗಿಟ್ಟು, ಕಸದ ಗಾಡಿಗೆ ಕೊಡಿ. ಯುಫೋರ್ಬಿಯಾ ಆಗಿದ್ದರೆ ಅದರ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಸುಡುವ ಯೋಚನೆ ಬಿಟ್ಟು ಚೀಲದ ದಾರಿಯನ್ನೇ ಹಿಡಿಯಿರಿ. ಆ ಗಿಡವಿದ್ದ ಸ್ಟ್ಯಾಂಡಿನ ಬೆಸುಗೆ ಸಂದು, ಮರದ ಹಲಗೆಯ ಬಿರುಕು, ಕುಂಡದ ಕೆಳಗಿನ ತಟ್ಟೆ ಇವಿಷ್ಟನ್ನೂ ಸೋಪುನೀರಿನ ಬ್ರಶ್ಶಿನಲ್ಲಿ ತಿಕ್ಕಿ, ಒಣಗಿಸಿ, ಎರಡು ವಾರ ಖಾಲಿ ಬಿಟ್ಟ ಮೇಲೆ ಹೊಸ ಕುಂಡ ಇಡಿ.